ನೆಟ್ಟಗೆ ನಡೆಯುವ ಏಡಿ

ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟಿಕ್ ಮುಚ್ಚಳಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಸೀಳು, ಗುಳ್ಳೆ, ಸೊಟ್ಟ ಅಂಚು ಕಂಡರೆ ಎತ್ತಿ ಕೆಂಪು ಬುಟ್ಟಿಗೆ ಹಾಕುತ್ತೇನೆ. ಮನೆಯಲ್ಲಿ ಚಪಾತಿಯನ್ನೂ ತಿರುಗಿಸಿ ಅಂಚು ನೋಡುತ್ತೇನೆಂದು ಗಂಡ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ, ಸಂಬಳ ಬರುತ್ತದಲ್ಲ. ಸಿನಿಮಾ ವಿಮರ್ಶೆ ಬರೆಯುವವರನ್ನೂ ನಾನು ನನ್ನ ಕಸುಬಿನವರೆಂದೇ ಎಣಿಸಿಕೊಂಡಿದ್ದೆ. ಆದರೆ ಆ ಶನಿವಾರ ಬೆಳಿಗ್ಗೆ ಕನಕಪುರದಿಂದ ಹೊರಟ ಕಾರ್ಖಾನೆ ಬಸ್ಸಿನಲ್ಲಿ ಪ್ಯಾಕಿಂಗ್ ಸೆಕ್ಷನ್ನಿನ ಸ್ವಾಮಿ ಪೇಪರ್ ಬಿಚ್ಚಿ ಜೋರಾಗಿ ಓದತೊಡಗಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಭಾನಕ್ಕ, ನಿಮ್ ಫ್ರೆಂಡ್ ಸಿನ್ಮಾ ಪೇಪರ್ನಾಗೆ ಬಂದೈತೆ ಕಣಕ್ಕ! ಎರಡು ಸ್ಟಾರ್ ಕೊಟ್ಟವ್ರೆ."

"ಎಷ್ಟಕ್ಕೆ ಎರಡು?"

"ಐದಕ್ಕೆ."

ನನ್ನ ಫ್ರೆಂಡ್ ಅಂದರೆ ತಸ್ಲೀಮಾ. ನಾವಿಬ್ಬರೂ ಚನ್ನಪಟ್ಟಣದ ಒಂದೇ ಬೀದಿಯವರು, ಒಂದೇ ಬೆಂಚಿನವರು. ಅವಳು ಕಂಪ್ಯೂಟರಿನಲ್ಲಿ ಗೊಂಬೆ ಸಿನಿಮಾ ಮಾಡುವುದನ್ನು ಕಲಿತು, ಆರು ವರ್ಷ ಒದ್ದಾಡಿ 'ಉಪ್ಪುನೀರಿನ ಸಂಸಾರ' ಎಂಬ ಚಿತ್ರ ಮಾಡಿದ್ದಳು. ಕಡಲೊಳಗಿನ ಒಂದು ಸಂಸಾರದ ಕಥೆ, ನಗೆಯ ಕಥೆ. ಸಿಟ್ಟು ಬಂದರೆ ಊದಿಕೊಳ್ಳುವ ಉಬ್ಬುಮೀನು ಅಪ್ಪ, ಎಂಟು ಕೈಯಿದ್ದರೂ ಕೆಲಸಕ್ಕೆ ಸಾಲದೆಂದು ಗೊಣಗುವ ಆಕ್ಟೋಪಸ್ ಅಮ್ಮ, ಒಂದು ಮರಿ ಕಡಲಕುದುರೆ, ಅದರ ಬೆನ್ನಿಗೇ ಇರುವ ಅಜ್ಜಿ ಏಡಿ. ಹವಳದ ಮನೆ ಕುಸಿದುಬಿದ್ದು ಎಲ್ಲರೂ ಹೊಸ ಮನೆ ಹುಡುಕಿಕೊಂಡು ಹೊರಡುತ್ತಾರೆ. ಅಷ್ಟೇ ಕಥೆ.

ಸ್ವಾಮಿ ಓದಿದ: "ಅಲ್ಲಲ್ಲಿ ನಗುವಿದೆ, ಆದರೆ ಕಡಲೇ ಇಲ್ಲ, ಇರುವುದು ಅಲೆಯಿಲ್ಲದ ಕೆರೆ. ಬಣ್ಣಗಳೆಲ್ಲ ಬೊಂಬೆ ಅಂಗಡಿಯವು. ಅಜ್ಜಿ ಏಡಿ ಚಿತ್ರದುದ್ದಕ್ಕೂ ನೆಟ್ಟಗೆ ನಡೆಯುತ್ತದೆ. ಏಡಿ ಅಡ್ಡಡ್ಡ ನಡೆಯುತ್ತದೆಂಬ ಪ್ರಾಥಮಿಕ ಶಾಲೆಯ ಸಂಗತಿ ನಿರ್ದೇಶಕಿಗೆ ತಿಳಿಯದೇ? ಮರಿ ಕಡಲಕುದುರೆ ನಾಲ್ಕು ಮಾರಿಗೊಮ್ಮೆ ಹಿಂದಕ್ಕೆ ತಿರುಗಿ ನೋಡುವುದೇಕೆಂಬುದೂ ತಿಳಿಯುವುದಿಲ್ಲ."

"ಅವನ ನಾಲಿಗೆಗೆ ಏಡಿ ಕಚ್ಚ," ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಬೊಂಬೆ ಅಂಗಡಿಯ ಬಣ್ಣವಂತೆ! ಚನ್ನಪಟ್ಟಣದವರಿಗೆ ಅದು ಬೈಗುಳವೇ? ಹಾಗೆ ನೋಡಿದರೆ ಎಲ್ಲರೂ ಬೈದಿರಲಿಲ್ಲ. ಆಕ್ಟೋಪಸ್ ಅಮ್ಮ ಎಂಟು ಕೈಯಲ್ಲೂ ಒಂದೊಂದು ಮುದ್ದೆ ಕಟ್ಟುವ ದೃಶ್ಯವನ್ನು ಇಂಗ್ಲಿಷ್ ಪೇಪರಿನವರು ಹೊಗಳಿದ್ದರು. ಇನ್ನೊಬ್ಬರು, ಮಕ್ಕಳಿಗೆ ಹಿಡಿಸೀತು, ದೊಡ್ಡವರು ಹೊರಗೆ ಹೋಗಿ ಕಾಫಿ ಕುಡಿಯಬಹುದು ಎಂದಿದ್ದರು. ಆದರೆ ಏಡಿಯ ವಿಷಯ ಮಾತ್ರ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹಾರಿತು. ಯೂಟ್ಯೂಬಿನಲ್ಲಿ ಟೋಪಿ ಹಾಕಿಕೊಂಡ ಒಬ್ಬ, 'ಈ ಏಡಿಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟವರು ಯಾರು' ಎಂದು ವಿಡಿಯೊ ಮಾಡಿದ. ಅದನ್ನು ಸಿನಿಮಾಗಿಂತ ಹೆಚ್ಚು ಜನ ನೋಡಿದರು. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಆದರೆ ಆ ಏಡಿ ಎಲ್ಲಿಯದೆಂದು ನನಗೆ ಗೊತ್ತಿತ್ತು.

ಚನ್ನಪಟ್ಟಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಈಚೆ ನಾನು, ಅಪ್ಪ, ಅಮ್ಮ, ದೊಡ್ಡಆಲಹಳ್ಳಿಯಿಂದ ಬಂದು ನಮ್ಮೊಂದಿಗಿದ್ದ ನನ್ನ ಅಜ್ಜಿ ಕೆಂಚಮ್ಮ. ಆಚೆ ಬೊಂಬೆ ಮಾಡುವ ಬಾಬಾಜಾನ್ ತಾತ, ಅವರ ಹೆಂಡತಿ ಗುಲ್ಜಾರ್ ಬೀ, ಮೊಮ್ಮಗಳು ತಸ್ಲೀಮಾ. ತಸ್ಲೀಮಾಳ ತಾಯಿ ಹಮೀದಾ, ಮಗಳಿಗೆ ಮೂರು ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದರು. ಅಪ್ಪ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದರು. ಅವಳು ಬೆಳೆದದ್ದು ಅರ್ಧ ಅಜ್ಜಿಯ ಮಡಿಲಲ್ಲಿ, ಅರ್ಧ ನಮ್ಮ ಅಡುಗೆಮನೆಯಲ್ಲಿ. ಅವಳು ತಾತನನ್ನು ದಾದಾ, ಗುಲ್ಜಾರ್ ಬೀಯನ್ನು ದಾದಿ ಅನ್ನುತ್ತಿದ್ದಳು, ಕೇಳಿ ಕೇಳಿ ನನಗೂ ಅವರು ದಾದಿಯೇ ಆದರು.

ಬೆಳಿಗ್ಗೆ ತಾತನ ಲೇತು ಶುರುವಾದರೆ ನಮ್ಮ ಗೋಡೆಯೂ ಗುಂಯ್‌ಗುಟ್ಟುತ್ತಿತ್ತು. ಗರಗರ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಆ ಬಿಸಿಗೇ ಅರಗು ಕರಗಿ ಬಣ್ಣ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಆ ಬಿಸಿ ಅರಗಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಕಣ್ಣು ತುಂಬಿಬರುತ್ತದೆ. ಶಾಲೆಯಿಂದ ಬಂದವರು ಮರದ ಹೊಟ್ಟಿನ ಗುಡ್ಡೆಯ ಮೇಲೆ ಕೂತು ಕಡಲಿನ ಆಟ ಆಡುತ್ತಿದ್ದೆವು. ಕಡಲನ್ನು ಕಂಡವರು ನಮ್ಮಲ್ಲಿ ಯಾರಿದ್ದರು? ಒಮ್ಮೆ ತಾತ ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕಣ್ವ ಡ್ಯಾಮ್ ತೋರಿಸಿಕೊಂಡು ಬಂದಿದ್ದರು. ನಮಗೆ ಅದೇ ಕಡಲು. ಕೆರೆಯಂತಿದೆ ಎಂದು ಬರೆದನಲ್ಲ, ಪಾಪ, ಅಷ್ಟು ಮಾತ್ರ ಸರಿಯಾಗಿಯೇ ಬರೆದಿದ್ದ.

ನಮ್ಮ ಆಟದಲ್ಲಿ ಒಂದು ಮರದ ಏಡಿಯಿತ್ತು. ಅಂಗೈಯಗಲದ ಕೆಂಪು ಏಡಿ, ಕೆಳಗೆ ನಾಲ್ಕು ಹಳದಿ ಚಕ್ರ, ಮುಂದೊಂದು ದಾರ. ಎಳೆದರೆ ಎರಡೂ ಕೊಂಡಿಗಳು ಟಕ್ ಟಕ್ ಎಂದು ಮೇಲೆ ಕೆಳಗೆ ಆಡುತ್ತಿದ್ದವು. ಅದರ ಕಣ್ಣು ಬರೆದವರು ದಾದಿ. ದೊಡ್ಡ ಕಣ್ಣು, ಸ್ವಲ್ಪ ನಗುವ ಕಣ್ಣು. ಆ ಏಡಿ ಎಳೆದವರ ಹಿಂದೆ ನೆಟ್ಟಗೆ ಬರುತ್ತಿತ್ತು.

ಗದ್ದೆಯ ಬದುವಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿದು ಸಾರು ಮಾಡುವುದರಲ್ಲಿ ನನ್ನ ಅಜ್ಜಿಯದು ಎತ್ತಿದ ಕೈ. ಅವಳಿಗೆ ಇದನ್ನು ಕಂಡರೆ ನಗುವೋ ನಗು. "ಸಾಬ್ರೇ, ಇದ್ಯಾವ ಸೀಮೆ ಏಡಿ? ರೈಲಿನಂಗೆ ನೆಟ್ಟಗೆ ಓಯ್ತದಲ್ಲಾ! ನಮ್ ಗದ್ದೆ ಏಡಿ ನೋಡುದ್ರೆ ನಗ್ತವೆ."

"ಇದು ಮನೆ ಏಡಿ ಅಮ್ಮಾ, ಗದ್ದೆದಲ್ಲ," ಎಂದು ತಾತ ತಾವೂ ನಗುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಿದವರಲ್ಲ.

ಅಂಥವೇ ಒಂದಷ್ಟು ಏಡಿ ಮಾಡಿ ಮೈಸೂರು ರಸ್ತೆಯ ಅಂಗಡಿಗೂ ಕೊಟ್ಟಿದ್ದರು. ಅಂಗಡಿಯವನು ಎಲ್ಲವನ್ನೂ ವಾಪಸು ಕಳಿಸಿದ. ಏಡಿ ಅಡ್ಡ ಹೋಗಬೇಕು, ಚಕ್ರ ತಿರುಗಿಸಿ ಕೂರಿಸಿಕೊಟ್ಟರೆ ತಗೊಳ್ಳುತ್ತೇನೆ ಎಂದ. ಚಕ್ರ ತಿರುಗಿಸುವುದು ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ತಾತ ಒಪ್ಪಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಹಂಚಿಬಿಟ್ಟರು. ಮುದುಕನಿಗೆ ಹಟ ಎಂದರು ಜನ. ನಾವು ಏಡಿಗಳನ್ನು ಎಳೆದುಕೊಂಡು ಬೀದಿ ತುಂಬ ಮೆರವಣಿಗೆ ಹೋದೆವು.

ತಸ್ಲೀಮಾಗೆ ಆಗ ಒಂದು ಚಾಳಿಯಿತ್ತು. ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ತಿರುಗಿ ನೋಡಬೇಕು. "ಹಿಂದೆ ನೋಡ್ಕಂಡ್ ನಡುದ್ರೆ ಮುಂದೆ ಚರಂಡಿಗೆ ಬೀಳ್ತೀಯ ಮಗಾ," ಎಂದು ನನ್ನ ಅಜ್ಜಿ ಗದರುತ್ತಿದ್ದಳು. ಒಮ್ಮೆ ಬಿದ್ದೂ ಬಿದ್ದಳು, ಕೈ ಹಿಡಿದಿದ್ದ ನನ್ನನ್ನೂ ಬೀಳಿಸಿದಳು. ಶಾಲೆಯಲ್ಲಿ ಹುಡುಗರು ಅವಳನ್ನು 'ರಿವರ್ಸ್ ಗೇರು' ಎಂದು ಕರೆಯುತ್ತಿದ್ದರು.

ಮುಂದಿನ ವಾರದ ಕೊನೆಗೆ ತಸ್ಲೀಮಾ ಬೆಂಗಳೂರಿನಿಂದ ಫೋನ್ ಮಾಡಿದಳು. ದನಿ ಇಳಿದುಹೋಗಿತ್ತು.

"ಭಾನು, ಎಲ್ಲಾ ನೋಡ್ದೇನೆ?"

"ನೋಡ್ದೆ. ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ಸಿನ್ಮಾ ಮಾಡಕ್ಕೆ ಬರ್ದೇ ಇದ್ದೋರು ಇನ್ನೇನ್ ಬರೀತಾರೆ?"

"ಬಯ್ಬೇಡ ಕಣೇ. ಅವ್ರು ಸರಿಯಾಗೇ ಬರ್ದವ್ರೆ. ಏಡಿ ಅಡ್ಡ ಅಲ್ವಾ ನಡಿಯೋದು?"

ಮೊಬೈಲಿನಲ್ಲಿ ಸಿನಿಮಾ ತೋರಿಸುವ ಮುಂಬೈನ ಕಂಪನಿಯೊಂದು ಅವಳ ಚಿತ್ರ ತೆಗೆದುಕೊಳ್ಳಲು ಒಪ್ಪಿತ್ತಂತೆ. ಈ ಗಲಾಟೆಯಾದ ಮೇಲೆ, ಏಡಿಯ ನಡಿಗೆ ಸರಿಪಡಿಸಿ ಕೊಟ್ಟರೆ ಮಾತ್ರ ಎಂದು ಕೂತಿದ್ದರು. ದೇಶದ ಮಕ್ಕಳೆಲ್ಲ ತಪ್ಪು ಕಲಿಯುತ್ತಾರಂತೆ. ಸೋಮವಾರದೊಳಗೆ ಒಪ್ಪಿಗೆ ಹೇಳಬೇಕು.

"ಸರಿಮಾಡ್ಕೊಡ್ತೀನಿ ಅಂತ ಹೇಳ್ಬುಡ್ತೀನಿ ಭಾನು. ಕೆಲ್ಸಕ್ಕೆ ನಾನೇನ್ ಹೆದ್ರಲ್ಲ. ಆದ್ರೆ ಹೊಟ್ಟೆ ಉರೀತದೆ. ನಾನು ಆ ಏಡೀನ ಪುಸ್ತಕ ನೋಡಿ ಬರೀಲಿಲ್ಲ, ದಾದಾನ ಏಡಿ ಹೆಂಗಿತ್ತೋ ಹಂಗೇ ಬರ್ದೆ. ದಾದಾ ಮಾಡಿದ್ದೇ ತಪ್ಪು. ಅದು ನಮ್ ಬೀದೀಲೇ ಇದ್ದಿದ್ರೆ ಆಗಿರೋದು. ಅವ್ರ ತಪ್ಪನ್ನ ಅಷ್ಟು ದೊಡ್ಡ ಪರದೆ ಮೇಲೆ ತೋರ್ಸಿ, ಸತ್ತೋರ್ನ ಊರೋರ ಮುಂದೆಲ್ಲ ನಗೆಪಾಟಲು ಮಾಡ್ಬುಟ್ಟೆ."

ಅವಳು ಅಳುತ್ತಿದ್ದಳು. ಆ ಏಡಿ ಅಡ್ಡ ನಡೆಯುವುದನ್ನು ನೆನೆದರೆ ನನಗೂ ಸಂಕಟ. ಆದರೆ ನನ್ನ ಕೆಂಪು ಬುಟ್ಟಿಯ ನ್ಯಾಯದಲ್ಲಿ ತಪ್ಪು ತಪ್ಪೇ. ಭಾನುವಾರ ಚನ್ನಪಟ್ಟಣದ ಟಾಕೀಸಿನಲ್ಲಿ ನಮ್ಮ ಬೀದಿಯವರಿಗೆಂದೇ ಬೆಳಗಿನ ಒಂದು ಆಟ ಇಟ್ಟಿದ್ದರು. ಬಾ, ಅಲ್ಲಿ ಮಾತಾಡೋಣ ಎಂದೆ.

ಭಾನುವಾರ ಕನಕಪುರದಿಂದ ಹೊರಟು ರಾಮನಗರದಲ್ಲಿ ಬಸ್ಸು ಬದಲಿಸಿದೆ. ಪಕ್ಕದ ಸೀಟಿನಲ್ಲಿ ರೇಷ್ಮೆಗೂಡಿನ ಖಾಲಿ ಚೀಲಗಳು, ಅದರ ಒಡೆಯ ಮಲಗಿ ನನ್ನ ಹೆಗಲಿಗೇ ಬೀಳುತ್ತಿದ್ದ. ಎರಡು ಸಲ ತಳ್ಳಿದೆ, ಮೂರನೆಯ ಸಲ ಬಿಟ್ಟುಬಿಟ್ಟೆ.

ತಸ್ಲೀಮಾಳ ಮನೆಯಿಂದ ಮೂವರೂ ಟಾಕೀಸಿಗೆ ಹೊರಡುವಾಗ ದಾದಿ ಬಾಗಿಲಲ್ಲಿ ಕೋಲು ಹುಡುಕುತ್ತಾ, "ನೀವು ನಡೀರಿ, ನಾನು ಹಿಂದೆ ಬರ್ತೀನಿ," ಎಂದರು. ಮಂಡಿ ನೋವು, ಆದರೆ ಆಟೋ ಹತ್ತಲಾರೆ ಎಂಬ ಹಟ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ನಾವು ಮುಂದೆ ಹೊರಟೆವು. ತಸ್ಲೀಮಾ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿದಳು. ನಲವತ್ತರ ಹತ್ತಿರ ಬಂದರೂ ರಿವರ್ಸ್ ಗೇರು ಹೋಗಿರಲಿಲ್ಲ.

ಟಾಕೀಸು ತುಂಬಿತ್ತು. ಉಬ್ಬುಮೀನು ಅಪ್ಪ ಊದಿಕೊಂಡು ಬಾಗಿಲಲ್ಲಿ ಸಿಕ್ಕಿಕೊಂಡಾಗ ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಎಂಟು ಕೈಯ ಮುದ್ದೆಗೆ ಹೆಂಗಸರ ಕಡೆಯಿಂದ ಶಿಳ್ಳೆ ಬಂತು, ಯಾರದೆಂದು ಗೊತ್ತಾಗಲಿಲ್ಲ. ಏಡಿ ಬಂದಾಗ ನನ್ನ ಹಿಂದೆ ಕೂತಿದ್ದ ಹಳ್ಳಿಯ ಗಂಡಸೊಬ್ಬ, "ಲೇ, ಏಡಿ ನೆಟ್ಟಗೆ ಓಯ್ತಾ ಐತಲ್ಲೋ!" ಎಂದ.

"ಸಿನ್ಮಾ ಏಡಿ ಕಣ್ಲಾ, ಡೈರೆಕ್ಟ್ರು ಹೇಳ್ದಂಗೆ ನಡೀತದೆ. ಸುಮ್ನೆ ನೋಡು," ಎಂದ ಪಕ್ಕದವನು.

ಅಲ್ಲಿಗೆ ಚನ್ನಪಟ್ಟಣದ ವಿಮರ್ಶೆ ಮುಗಿಯಿತು. ಕೊನೆಯಲ್ಲಿ ಮರಿ ಕಡಲಕುದುರೆ ಕತ್ತಲೆಯ ಬಂಡೆಸಂದಿಯಲ್ಲಿ ಒಂದೇ ಹೋಗಬೇಕಾಗುತ್ತದೆ. ಅದು ಹೆದರಿ ಹೆದರಿ ತಿರುಗಿ ನೋಡುತ್ತದೆ, ಏಡಿ ಬರುತ್ತಿರುತ್ತದೆ. ಮತ್ತೆ ತಿರುಗುತ್ತದೆ, ಏಡಿ ಬರುತ್ತಿರುತ್ತದೆ. ನಾನು ಪಕ್ಕಕ್ಕೆ ನೋಡಿದೆ. ದಾದಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪೊರೆಯ ಕಣ್ಣು, ನೀರು ಬರುತ್ತದೆ ಎಂದುಕೊಂಡೆ.

ಮನೆಗೆ ಬಂದು ಊಟವಾದ ಮೇಲೆ ತಸ್ಲೀಮಾ ಅಟ್ಟದಿಂದ ಹಳೆಯ ಏಡಿಯನ್ನು ಇಳಿಸಿಕೊಂಡು ಬಂದಳು. ಕೆಂಪು ಅಲ್ಲಲ್ಲಿ ಎದ್ದಿತ್ತು, ಒಂದು ಕೊಂಡಿ ಅಲುಗಾಡುತ್ತಿತ್ತು, ಕಣ್ಣು ಮಾತ್ರ ಹಾಗೇ ನಗುತ್ತಿತ್ತು.

"ನಾಳೆ ಅವ್ರಿಗೆ ಹೂಂ ಅಂತೀನಿ ಕಣೇ," ಎಂದಳು. "ಇದನ್ನೂ ತಗೊಂಡೋಗಿ ನನ್ ಹತ್ರಾನೇ ಇಟ್ಕೋತೀನಿ. ಯಾರ್ ಕಣ್ಣಿಗೂ ಬೀಳೋದ್ ಬೇಡ."

ನಾನು ಏಡಿಯನ್ನು ಕೈಗೆ ತೆಗೆದುಕೊಂಡೆ. ಕಸುಬಿನ ಚಾಳಿ, ತಿರುಗಿಸಿ ಹೊಟ್ಟೆ ನೋಡಿದೆ. ಚಕ್ರ ಕೂರಿಸಿದ್ದ ನಾಲ್ಕು ತೂತಿನ ಜೊತೆಗೆ ಇನ್ನೂ ನಾಲ್ಕು ಗುಂಡನೆಯ ಗುರುತು ಕಂಡವು. ಉಗುರಿನಿಂದ ಕೆರೆದೆ. ಅರಗು ತುಂಬಿ ಮುಚ್ಚಿದ ತೂತುಗಳು. ಪಕ್ಕೆಯಲ್ಲೂ ಅಂಥದೇ ಒಂದು, ಹಿಂದೆ ಯಾವಾಗಲೋ ದಾರ ಕಟ್ಟಿದ್ದ ಜಾಗ. ಹಳೆಯ ತೂತುಗಳಿಗೆ ಚಕ್ರ ಕೂರಿಸಿದರೆ ಏಡಿ ಎತ್ತ ಹೋಗುತ್ತದೆಂದು ಮನಸ್ಸಿನಲ್ಲೇ ತಿರುಗಿಸಿ ನೋಡಿದೆ. ಅಡ್ಡಡ್ಡ.

"ದಾದಿ," ಎಂದೆ, "ಈ ಏಡಿ ಮೊದ್ಲು ಅಡ್ಡ ನಡೀತಿತ್ತಾ?"

ಮಂಚದ ಮೇಲೆ ಮಲಗಿದ್ದ ದಾದಿ ಎದ್ದು ಕೂತರು. ಮನೆಯಲ್ಲಿ ಅವರ ಮಾತು ಉರ್ದು, ನನಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು.

"ಮತ್ತೆ? ನಿಮ್ ತಾತಂಗೆ ಏಡಿ ಹೆಂಗೆ ನಡೀತದೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ? ಕಾಲುವೇಲಿ ಏಡಿ ಹಿಡ್ಕೊಂಡೇ ಬೆಳೆದವ್ರು ಅವ್ರು. ಮೊದ್ಲು ಸರಿಯಾಗೇ ಮಾಡಿದ್ರು. ಅಡ್ಡ ಹೋಗ್ತಿತ್ತು."

"ಮತ್ತೆ ಯಾಕೆ ದಾದಿ ಬದ್ಲಾಯ್ಸಿದ್ರು?" ತಸ್ಲೀಮಾ ಕೇಳಿದಳು.

ದಾದಿ ಏಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಹಮೀದಾ ಹೋದಾಗ ನೀನು ಇಷ್ಟಿದ್ದೆ. ಅಮ್ಮಿ ಎಲ್ಲಿ, ಅಮ್ಮಿ ಎಲ್ಲಿ ಅಂತ ಒಂದೇ ಸಮ. ಸತ್ತೋದ್ಲು ಅಂತ ಮಗೂಗೆ ಹೆಂಗೆ ಹೇಳೋದು? ಹೊರಗೆ ಕರ್ಕೊಂಡ್ ಹೋಗೋವಾಗ, ನೀನು ನಡಿ ಬೇಟಾ, ಅಮ್ಮಿ ಹಿಂದೆ ಬರ್ತಾಳೆ ಅಂತ ಹೇಳ್ಬಿಟ್ವಿ. ಎಲ್ರೂ ಹೇಳ್ತಾರಲ್ಲ ಹಂಗೆ. ನೀನು ಅದನ್ನೇ ನಿಜ ಮಾಡ್ಕೊಂಡೆ. ನಾಲ್ಕು ಹೆಜ್ಜೆ ನಡೆಯೋದು, ತಿರುಗಿ ನೋಡೋದು. ಯಾರೂ ಇಲ್ಲ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗೋದು."

ತಸ್ಲೀಮಾ ನೆಲದ ಮೇಲೆ ಕೂತುಬಿಟ್ಟಳು.

"ಅದನ್ನ ನೋಡಕ್ಕಾಗ್ದೆ ಇವ್ರು ಏಡಿ ಮಾಡಿ ದಾರ ಕಟ್ಟಿ ಕೊಟ್ರು. ಹಿಂದೆ ಏನಾದ್ರೂ ಬರ್ಲಿ ಅಂತ. ನೀನು ಎಳೆದೆ, ತಿರುಗಿ ನೋಡ್ದೆ. ಏಡಿ ಅಡ್ಡ ಬರ್ತಿತ್ತಲ್ಲ, ಅದರ ಮುಖ ಗೋಡೆ ಕಡೆ. ನಿನಗೆ ಕಂಡಿದ್ದು ಬರೀ ಪಕ್ಕೆ. ಅತ್ಬಿಟ್ಟೆ ನೀನು. ಇದೂ ನನ್ನ ನೋಡಲ್ಲ ಅಂದೆ. ಅವತ್ತೇ ಚಕ್ರ ಕಿತ್ತು ತಿರುಗಿಸಿದ್ರು. ನನಗೆ ಹೇಳಿದ್ರು, ಕಣ್ಣು ಮುಂದೆ ಬರಿ, ದೊಡ್ಡದಾಗಿ ಬರಿ, ಮಗು ತಿರುಗಿ ನೋಡಿದ್ರೆ ಮುಖ ಕಾಣ್ಬೇಕು."

"ಊರೋರು ನಕ್ಕಾಗ ಯಾಕೆ ಹೇಳ್ಲಿಲ್ಲ ದಾದಿ?" ನನಗೆ ಸಿಟ್ಟೇ ಬಂದಿತ್ತು.

"ಏನಂತ ಹೇಳೋದು? ಹೇಳಿದ್ರೆ ಇವಳಿಗೆ ಗೊತ್ತಾಗಲ್ವಾ, ಹಿಂದೆ ಬರೋದು ಅಮ್ಮಿ ಅಲ್ಲ ಅಂತ? ನಗ್ಲಿ ಬಿಡು ಅಂದ್ರು. ಆಮೇಲೆ ಇವಳು ದೊಡ್ಡೋಳಾದ್ಲು, ಮರ್ತು ಹೋಯ್ತು. ಇವತ್ತು ಸಿನಿಮಾದಲ್ಲಿ ನೋಡ್ದೆ. ಇವಳು ಮರ್ತಿಲ್ಲ."

ತಸ್ಲೀಮಾ ಎದ್ದು ಏಡಿಗೆ ಹೊಸ ದಾರ ಕಟ್ಟಿ ಬೀದಿಗೆ ಹೋದಳು. ಹಾಡುಹಗಲಲ್ಲಿ, ಎಲ್ಲರ ಎದುರಿಗೆ, ಸಿನಿಮಾ ಡೈರೆಕ್ಟರು ಮರದ ಏಡಿ ಎಳೆದುಕೊಂಡು ನಡೆದಳು. ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದಳು. ಟಕ್ ಟಕ್ ಎಂದು ಒಂದೇ ಕೊಂಡಿ ಆಡಿಸುತ್ತಾ, ದಾದಿ ಬರೆದ ಕಣ್ಣುಗಳು ಅವಳನ್ನೇ ನೋಡುತ್ತಾ ಬಂದವು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ನಾನು ಮಾತ್ರ ಬರೀ ಅತ್ತೆ.

ಅಲ್ಲೇ ಬೀದಿಯಲ್ಲಿ ನಿಂತು ಮುಂಬೈಗೆ ಫೋನ್ ಹಚ್ಚಿದಳು. ಭಾನುವಾರವಾದರೂ ಆ ಮನುಷ್ಯ ಎತ್ತಿದ. ಇವಳು ಹಿಂದಿಯಲ್ಲಿ, ಏಡಿ ಹೀಗೇ ನಡೆಯುತ್ತದೆ, ಬದಲಾಯಿಸುವುದಿಲ್ಲ ಎಂದಳು. ಆ ಕಡೆಯಿಂದ ಏನೋ ದೊಡ್ಡ ವಿವರಣೆ ಬಂತು. ಕೊನೆಗೆ ಅವನು, ಕಾರಣವನ್ನಾದರೂ ಹೇಳಿ, ಏಡಿ ಯಾಕೆ ನೆಟ್ಟಗೆ ನಡೆಯಬೇಕು ಎಂದು ಕೇಳಿದನಂತೆ.

"ತಿರುಗಿ ನೋಡಿದ್ರೆ ಮುಖ ಕಾಣ್ಬೇಕಲ್ಲ ಸಾರ್," ಎಂದಳು, ಕನ್ನಡದಲ್ಲೇ. ಅವನಿಗೆ ಅರ್ಥವಾಗಿರಲಿಕ್ಕಿಲ್ಲ.

ಆ ಕಂಪನಿ ಕೊನೆಗೂ ಚಿತ್ರವನ್ನು ತೆಗೆದುಕೊಳ್ಳಲಿಲ್ಲ. ಈಗ ಅವಳೇ ಶಾಲೆಯಿಂದ ಶಾಲೆಗೆ ಒಯ್ದು ತೋರಿಸುತ್ತಿದ್ದಾಳೆ, ಮಾಗಡಿಯ ಕಡೆ ಮುಗಿಸಿ ಮೊನ್ನೆ ಕನಕಪುರಕ್ಕೂ ಬಂದಿದ್ದಳು. ಆ ಎರಡು ಸ್ಟಾರ್ ಎರಡೇ ಉಳಿದಿವೆ. ನಮ್ಮ ಕಾರ್ಖಾನೆಯಲ್ಲಾದರೆ ಆ ವಿಮರ್ಶೆಯನ್ನು ಯಾವ ಬುಟ್ಟಿಗೆ ಹಾಕಬೇಕಿತ್ತೆಂದು ನನಗೆ ಗೊತ್ತು.

ಅದು ಆಮೇಲಿನ ಮಾತು. ಆ ಭಾನುವಾರ ಸಂಜೆ ನಾನು ಬಸ್ ಸ್ಟ್ಯಾಂಡಿಗೆ ಹೊರಟಾಗ ಬಿಡಲು ತಸ್ಲೀಮಾ ಬಂದಳು. ದಾದಿಯೂ ಬರುತ್ತೇನೆಂದು ಹಟ ಹಿಡಿದರು. ಬೇಡ, ಮಂಡಿ ನೋಯುತ್ತದೆ ಎಂದರೆ ಕೇಳಬೇಕಲ್ಲ.

"ನೀವು ನಡೀರಿ," ಎಂದರು. "ನಾನು ಹಿಂದೆ ಬರ್ತೀನಿ."

ನಾವು ನಡೆದೆವು. ಲೇತಿನ ಮನೆಗಳು ಭಾನುವಾರ ಮುಚ್ಚಿದ್ದವು, ಅರಗಿನ ವಾಸನೆ ಮಾತ್ರ ಬೀದಿಯಲ್ಲಿ ಉಳಿದಿತ್ತು. ಬೀದಿಯ ತಿರುವಿನಲ್ಲಿ ತಸ್ಲೀಮಾ ನಿಂತು ತಿರುಗಿ ನೋಡಿದಳು. ದಾದಿ ಕೋಲೂರಿಕೊಂಡು, ಮುಖ ನಮ್ಮ ಕಡೆಗೇ ಮಾಡಿಕೊಂಡು, ನೆಟ್ಟಗೆ ಬರುತ್ತಿದ್ದರು.